ಎಂಜಿನಿಯರಿಂಗಿನ ಎರಡು ಶಾಖೆಗಳನ್ನು ಒಟ್ಟಿಗೆ ಓದಬಯಸುವವರು ವಿಶ್ವವಿದ್ಯಾಲಯವನ್ನು ಆರಿಸುವ ಬಗೆ

ಮೈಸೂರಿನ ಯುವರಾಜ ಕಾಲೇಜಿನಲ್ಲಿಯೋ ಮಂಡ್ಯದ ಸರ್ಕಾರಿ ಕಾಲೇಜಿನಲ್ಲಿಯೋ ಬಿ.ಎಸ್ಸಿ. ಓದಿದ ತಂದೆತಾಯಿಗಳಿಗೆ ಪಿ.ಸಿ.ಎಂ. ಎಂಬ ಜೋಡಣೆಯನ್ನು ವಿವರಿಸಬೇಕಾಗಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಸಮನಾಗಿ ಓದಿ ಒಂದೇ ಪದವಿ ಪಡೆಯುವುದು ನಮ್ಮ ಪದವಿ ಕಾಲೇಜುಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದಾಗ ಅದು ಎರಡು ವಿಷಯಗಳ ಜೋಡಿಯಾಯಿತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವಿಷಯಗಳ ಪದ್ಧತಿಗೆ ಮರಳಿತು. ಈ ಹಿನ್ನೆಲೆಯಿಂದ ಬಂದವರು ಮಗನಿಗೋ ಮಗಳಿಗೋ ಎಂಜಿನಿಯರಿಂಗ್ ಸೀಟು ಹುಡುಕುವಾಗ, ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಎರಡನ್ನೂ ಒಟ್ಟಿಗೆ ಏಕೆ ಓದಬಾರದು ಎಂದು ಕೇಳುವುದು ಸಹಜವೇ ಆಗಿದೆ. ಪ್ರಶ್ನೆ ಸರಿಯಾದದ್ದೇ, ಆದರೆ ಬಿ.ಇ. ಪದವಿಯ ರಚನೆಯೇ ಬೇರೆ ರೀತಿಯದು. ಅಲ್ಲಿ ವಿದ್ಯಾರ್ಥಿ ಮೊದಲ ದಿನದಿಂದಲೇ ಒಂದು ಶಾಖೆಗೆ ಸೇರಿದವನಾಗಿರುತ್ತಾನೆ. ಸೀಟು ಹಂಚಿಕೆಯಾಗುವುದೂ ಶಾಖೆಯ ಹೆಸರಿನಲ್ಲಿಯೇ. ಆದ್ದರಿಂದ ಎರಡು ಶಾಖೆಗಳನ್ನು ನಿಜವಾಗಿ ಓದಲು ಸಾಧ್ಯವಾಗುವ ವಿಶ್ವವಿದ್ಯಾಲಯವನ್ನು ಗುರುತಿಸಬೇಕಾದರೆ, ಅದರ ಹೆಸರು ಮತ್ತು ಪ್ಲೇಸ್‌ಮೆಂಟ್ ಅಂಕಿಗಳಿಗಿಂತ ಮೊದಲು ಅದರ ನಿಯಮಾವಳಿಯನ್ನೂ ವೇಳಾಪಟ್ಟಿಯನ್ನೂ ಓದಬೇಕಾಗುತ್ತದೆ.

ಮೊದಲು ಸ್ಪಷ್ಟವಾಗಬೇಕಾದದ್ದು, ಒಂದೇ ಬಗೆಯವೆಂದು ತೋರುವ ನಾಲ್ಕೈದು ವ್ಯವಸ್ಥೆಗಳ ನಡುವಿನ ವ್ಯತ್ಯಾಸ. ಡಬಲ್ ಮೇಜರ್ ಎಂದರೆ ಒಂದೇ ಪದವಿ, ಅದರೊಳಗೆ ಎರಡು ಶಾಖೆಗಳ ಮುಖ್ಯ ಪಠ್ಯಗಳನ್ನು ಪೂರ್ಣವಾಗಿ ಮುಗಿಸಿದ ದಾಖಲೆ. ಡ್ಯುಯಲ್ ಡಿಗ್ರಿ ಎಂದರೆ ಎರಡು ಪ್ರತ್ಯೇಕ ಪದವಿಗಳು. ನಮ್ಮ ದೇಶದಲ್ಲಿ ಇದು ಬಹುತೇಕ ಒಂದೇ ಕ್ಷೇತ್ರದ ಬಿ.ಟೆಕ್. ಮತ್ತು ಎಂ.ಟೆಕ್. ಎರಡನ್ನೂ ಐದು ವರ್ಷಗಳಲ್ಲಿ ಮುಗಿಸುವ ವ್ಯವಸ್ಥೆಯಾಗಿರುತ್ತದೆ. ಅದು ಕ್ಷೇತ್ರವೊಂದರಲ್ಲಿ ಮೇಲಕ್ಕೆ ಏರಿಸುತ್ತದೆಯೇ ಹೊರತು ಪಕ್ಕದ ಕ್ಷೇತ್ರಕ್ಕೆ ಕರೆದೊಯ್ಯುವುದಿಲ್ಲ. ಮೈನರ್ ಎಂದರೆ ಬೇರೊಂದು ಶಾಖೆಯ ನಾಲ್ಕೈದು ಆಯ್ದ ಪಠ್ಯಗಳು. ಆನರ್ಸ್ ಎಂದರೆ ತನ್ನದೇ ಶಾಖೆಯಲ್ಲಿ ಹೆಚ್ಚಿನ ಓದು. ಇವುಗಳಲ್ಲದೆ ಎಲೆಕ್ಟ್ರಾನಿಕ್ಸ್ ಅಂಡ್ ಕಂಪ್ಯೂಟರ್, ಮೆಕಾಟ್ರಾನಿಕ್ಸ್, ರೋಬೋಟಿಕ್ಸ್ ಅಂಡ್ ಆಟೊಮೇಷನ್ ಮೊದಲಾದ ಜೋಡಿ ಹೆಸರಿನ ಶಾಖೆಗಳೂ ಇವೆ. ಇವು ಎರಡು ಕ್ಷೇತ್ರಗಳಿಂದ ಸ್ವಲ್ಪ ಸ್ವಲ್ಪ ಆಯ್ದು ಕಟ್ಟಿದ ಒಂದೇ ಶಾಖೆ. ಪ್ರವೇಶದ ಕಾಲದಲ್ಲಿ ಹಂಚುವ ಬಣ್ಣದ ಕೈಪಿಡಿಗಳಲ್ಲಿ ಈ ಐದೂ ಕೆಲವೊಮ್ಮೆ ಒಂದೇ ವಾಕ್ಯದಲ್ಲಿ ಬೆರೆತುಹೋಗಿರುತ್ತವೆ. ಅಂಥ ಕಡೆ ಕೇಳಬೇಕಾದದ್ದು ಒಂದೇ ಪ್ರಶ್ನೆ: ಕೊನೆಗೆ ಪದವಿ ಪ್ರಮಾಣಪತ್ರದ ಮೇಲೆ ಅಚ್ಚಾಗುವ ಪದಗಳು ಯಾವುವು, ಮತ್ತು ಎರಡನೆಯ ಶಾಖೆಯ ಹೆಸರು ಪ್ರಮಾಣಪತ್ರದಲ್ಲಿ ಬರುತ್ತದೆಯೇ ಅಥವಾ ಮಾರ್ಕ್ಸ್ ಕಾರ್ಡಿನಲ್ಲಿ ಮಾತ್ರವೇ?

ಎರಡು ಶಾಖೆಗಳ ಜ್ಞಾನ ಒಬ್ಬರಲ್ಲಿಯೇ ಸೇರಬೇಕಾದ ಅಗತ್ಯ ನಮ್ಮ ಸೀಮೆಗೆ ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಗಿ, ಅದು ನೂರು ಕಿಲೋಮೀಟರಿಗೂ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ತಲುಪಿತು. ಕಾವೇರಿಯ ನೀರನ್ನು ತಿರುಗಿಸುವ ನಾಲೆ ಸಿವಿಲ್ ಕೆಲಸ, ಟರ್ಬೈನು ಮೆಕ್ಯಾನಿಕಲ್ ಕೆಲಸ, ಜನರೇಟರು ಮತ್ತು ತಂತಿ ಮಾರ್ಗ ಎಲೆಕ್ಟ್ರಿಕಲ್ ಕೆಲಸ. ಮಂಡ್ಯದ ಮೈಶುಗರ್‌ನಂಥ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ರೋಲರು, ರಸವನ್ನು ಕುದಿಸಿ ಹರಳುಗಟ್ಟಿಸುವ ಪ್ರಕ್ರಿಯೆ, ಸಿಪ್ಪೆಯನ್ನು ಉರಿಸಿ ಹಬೆ ಮತ್ತು ವಿದ್ಯುತ್ತನ್ನು ತೆಗೆಯುವ ಘಟಕ ಒಂದೇ ಆವರಣದಲ್ಲಿ ಇರುತ್ತವೆ. ಇಂದು ಮೈಸೂರಿನ ಸುತ್ತ ದ್ವಿಚಕ್ರ ವಾಹನ ತಯಾರಿಸುವ ಟಿ.ವಿ.ಎಸ್., ಭಾರೀ ಯಂತ್ರಗಳ ಬಿ.ಇ.ಎಂ.ಎಲ್., ನಂಜನಗೂಡಿನಲ್ಲಿ ಸರ್ಕ್ಯೂಟ್ ಬೋರ್ಡು ತಯಾರಿಸುವ ಎ.ಟಿ. ಅಂಡ್ ಎಸ್. ಮುಂತಾದ ಕಾರ್ಖಾನೆಗಳಿವೆ. ಒಂದು ಎಲೆಕ್ಟ್ರಿಕ್ ಸ್ಕೂಟರನ್ನೇ ತೆಗೆದುಕೊಂಡರೂ ಮೋಟಾರು, ಬ್ಯಾಟರಿ, ಬ್ಯಾಟರಿಯ ಬಿಸಿಯನ್ನು ಹೊರಹಾಕುವ ವ್ಯವಸ್ಥೆ, ಚಾಸಿ ಮತ್ತು ಇವೆಲ್ಲವನ್ನೂ ನಿಯಂತ್ರಿಸುವ ತಂತ್ರಾಂಶ ಎಂದು ಕನಿಷ್ಠ ನಾಲ್ಕು ಶಾಖೆಗಳ ಕೆಲಸ ಅಲ್ಲಿದೆ. ಹಾಗೆಂದು ಆ ನಾಲ್ಕೂ ಶಾಖೆಗಳನ್ನು ಒಬ್ಬರೇ ಓದಬೇಕೆಂದಲ್ಲ. ಎರಡನ್ನು ಓದಬೇಕೆನ್ನುವ ವಿದ್ಯಾರ್ಥಿಯ ಆಸೆಯನ್ನು ಹುಡುಗಾಟವೆಂದು ತಳ್ಳಿಹಾಕಬಾರದು ಎಂಬುದಷ್ಟೇ ನನ್ನ ಮಾತು.

ಆಸೆಯನ್ನು ಲೆಕ್ಕಕ್ಕೆ ಹಚ್ಚಿ ನೋಡುವುದು ಮುಂದಿನ ಹೆಜ್ಜೆ. ಇಲ್ಲಿ ನಿಧಾನವಾಗಿ ಸಾಗಬೇಕಾಗಿದೆ, ಏಕೆಂದರೆ ಬಹಳ ಕುಟುಂಬಗಳು ಈ ಲೆಕ್ಕವನ್ನು ಮಾಡದೆಯೇ ನಿರ್ಧಾರಕ್ಕೆ ಬಂದುಬಿಡುತ್ತವೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಅಂದರೆ ಎ.ಐ.ಸಿ.ಟಿ.ಇ., 2018ರಲ್ಲಿ ಪ್ರಕಟಿಸಿದ ಮಾದರಿ ಪಠ್ಯಕ್ರಮದ ಪ್ರಕಾರ ನಾಲ್ಕು ವರ್ಷದ ಪದವಿಗೆ 160 ಕ್ರೆಡಿಟ್‌ಗಳು. ವಾರಕ್ಕೆ ಒಂದು ಗಂಟೆಯ ಪಾಠ ಒಂದು ಸೆಮಿಸ್ಟರ್ ನಡೆದರೆ ಒಂದು ಕ್ರೆಡಿಟ್. ಪ್ರಯೋಗಾಲಯವಾದರೆ ವಾರಕ್ಕೆ ಎರಡು ಗಂಟೆಗೆ ಒಂದು ಕ್ರೆಡಿಟ್. ಆ 160ರಲ್ಲಿ ಮಾನವಿಕ ಮತ್ತು ನಿರ್ವಹಣಾ ವಿಷಯಗಳಿಗೆ 12, ಗಣಿತ-ಭೌತ-ರಸಾಯನ ಮುಂತಾದ ಮೂಲವಿಜ್ಞಾನಕ್ಕೆ 25, ಎಲ್ಲ ಶಾಖೆಯವರಿಗೂ ಬೇಕಾದ ಎಂಜಿನಿಯರಿಂಗ್ ವಿಜ್ಞಾನಕ್ಕೆ 24, ಶಾಖೆಯ ಮುಖ್ಯ ಪಠ್ಯಗಳಿಗೆ 48, ಶಾಖೆಯೊಳಗಿನ ಐಚ್ಛಿಕಗಳಿಗೆ 18, ಬೇರೆ ಶಾಖೆಯಿಂದ ಆಯ್ದುಕೊಳ್ಳಬಹುದಾದ ಮುಕ್ತ ಐಚ್ಛಿಕಗಳಿಗೆ 18, ಪ್ರಾಜೆಕ್ಟು ಮತ್ತು ಇಂಟರ್ನ್‌ಶಿಪ್‌ಗೆ 15 ಎಂದು ಹಂಚಿಕೆಯಾಗಿದೆ. ಪ್ರತಿ ಸೆಮಿಸ್ಟರಿಗೆ ಸರಾಸರಿ 20 ಕ್ರೆಡಿಟ್‌ಗಳ ಓದು.

ಎರಡನೆಯ ಶಾಖೆಯನ್ನು ಪೂರ್ಣವಾಗಿ ಓದಬೇಕೆಂದರೆ ಆ ಶಾಖೆಯ 48 ಮುಖ್ಯ ಕ್ರೆಡಿಟ್‌ಗಳೂ 18 ಐಚ್ಛಿಕ ಕ್ರೆಡಿಟ್‌ಗಳೂ, ಅಂದರೆ ಒಟ್ಟು 66, ಹೊಸದಾಗಿ ಸೇರುತ್ತವೆ. ಮೊದಲ ಶಾಖೆಯ 18 ಮುಕ್ತ ಐಚ್ಛಿಕ ಕ್ರೆಡಿಟ್‌ಗಳನ್ನು ಪೂರ್ತಿಯಾಗಿ ಎರಡನೆಯ ಶಾಖೆಗೇ ಬಳಸಿಕೊಂಡರೆ ಉಳಿಯುವುದು 48. ಇದರಲ್ಲಿ ಎರಡೂ ಶಾಖೆಗಳಿಗೆ ಸಾಮಾನ್ಯವಾದ ಪಠ್ಯಗಳೆಷ್ಟು ಎಂಬುದರ ಮೇಲೆ ನಿಜವಾದ ಹೊರೆ ನಿಂತಿದೆ. ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಜೋಡಿಯನ್ನು ನೋಡೋಣ: ಸರ್ಕ್ಯೂಟ್ ವಿಶ್ಲೇಷಣೆ, ಅನಲಾಗ್ ಸರ್ಕ್ಯೂಟ್, ಡಿಜಿಟಲ್ ಸರ್ಕ್ಯೂಟ್, ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್, ಕಂಟ್ರೋಲ್ ಸಿಸ್ಟಮ್ಸ್, ವಿದ್ಯುತ್ಕಾಂತ ಕ್ಷೇತ್ರಗಳು, ಮೈಕ್ರೋಕಂಟ್ರೋಲರ್ ಎಂಬ ಏಳು ಪಠ್ಯಗಳು ಬಹುತೇಕ ಎರಡೂ ಕಡೆ ಬರುತ್ತವೆ. ಒಂದೊಂದಕ್ಕೆ ಮೂರರಿಂದ ನಾಲ್ಕು ಕ್ರೆಡಿಟ್ ಎಂದುಕೊಂಡು 24 ಕ್ರೆಡಿಟ್‌ಗಳು ಹೊಂದುತ್ತವೆ ಎಂದು ಅಂದಾಜು ಮಾಡಿದರೆ ಹೆಚ್ಚುವರಿ ಓದು 24 ಕ್ರೆಡಿಟ್; ಒಂದು ಸೆಮಿಸ್ಟರಿಗಿಂತ ಸ್ವಲ್ಪ ಹೆಚ್ಚು. ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಜೋಡಿಯಲ್ಲಿ ಕಂಟ್ರೋಲ್, ಮಾಪನ ಇಂಥ ಎರಡು ಪಠ್ಯಗಳಷ್ಟೇ ಹೊಂದುವುದರಿಂದ ಹೆಚ್ಚುವರಿ ಓದು 40ರ ಆಸುಪಾಸು, ಅಂದರೆ ಎರಡು ಪೂರ್ಣ ಸೆಮಿಸ್ಟರ್. ಸಿವಿಲ್ ಮತ್ತು ಕಂಪ್ಯೂಟರ್ ಸೈನ್ಸ್ ಎಂದರೆ ಹೊಂದಾಣಿಕೆ ಇಲ್ಲವೇ ಇಲ್ಲವೆನ್ನಬಹುದು. 48 ಕ್ರೆಡಿಟ್ ಪೂರ್ತಿಯಾಗಿ ಹೊರಬೇಕು. ಎರಡೂ ವಿಭಾಗಗಳು ಪ್ರತ್ಯೇಕ ಅಂತಿಮ ವರ್ಷದ ಪ್ರಾಜೆಕ್ಟು ಕೇಳಿದರೆ ಇದರ ಮೇಲೆ ಇನ್ನಷ್ಟು.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಮೇಲಿನ ಎಣಿಕೆಯೆಲ್ಲ 18 ಮುಕ್ತ ಐಚ್ಛಿಕ ಕ್ರೆಡಿಟ್‌ಗಳು ಇವೆ ಎಂಬ ಆಧಾರದ ಮೇಲೆ ನಿಂತಿದೆ. ಎ.ಐ.ಸಿ.ಟಿ.ಇ. ಮಾದರಿ ಕೇವಲ ಮಾದರಿ. ಪ್ರತಿ ವಿಶ್ವವಿದ್ಯಾಲಯ ತನ್ನ ಸ್ಕೀಮನ್ನು, ಅಂದರೆ ಪಠ್ಯ ಮತ್ತು ಕ್ರೆಡಿಟ್‌ಗಳ ಹಂಚಿಕೆಯನ್ನು, ತಾನೇ ರೂಪಿಸಿಕೊಳ್ಳುತ್ತದೆ. ಒಂದು ಕಡೆ ಮುಕ್ತ ಐಚ್ಛಿಕಗಳಿಗೆ ಆರೇ ಕ್ರೆಡಿಟ್ ಇದ್ದರೆ ಎಲೆಕ್ಟ್ರಿಕಲ್-ಎಲೆಕ್ಟ್ರಾನಿಕ್ಸ್ ಜೋಡಿಯ ಹೆಚ್ಚುವರಿ ಹೊರೆ 24ರಿಂದ 36ಕ್ಕೆ ಏರುತ್ತದೆ, ಅಂದರೆ ಸುಲಭವೆನಿಸಿದ್ದ ಜೋಡಿಯೂ ನಾಲ್ಕು ವರ್ಷದೊಳಗೆ ಕೂರುವುದಿಲ್ಲ. ಆದ್ದರಿಂದ ಯಾವುದೇ ವಿಶ್ವವಿದ್ಯಾಲಯದ ಸ್ಕೀಮ್ ಅಂಡ್ ಸಿಲಬಸ್ ಪುಸ್ತಕವನ್ನು ತೆರೆದಾಗ ನೋಡಬೇಕಾದ ಮೊದಲ ಅಂಕಿ ಒಟ್ಟು ಕ್ರೆಡಿಟ್ ಅಲ್ಲ, ಮುಕ್ತ ಐಚ್ಛಿಕಗಳ ಕ್ರೆಡಿಟ್ ಸಂಖ್ಯೆ. ಎರಡನೆಯದು, ಒಂದೇ ಪಠ್ಯವನ್ನು ಎರಡೂ ಶಾಖೆಗಳ ಲೆಕ್ಕಕ್ಕೆ ಹಿಡಿಯಲು ನಿಯಮ ಒಪ್ಪುತ್ತದೆಯೇ ಎಂಬುದು. ಕೆಲವು ಕಡೆ ಇದಕ್ಕೆ ಮಿತಿಯಿದೆ. ಹಂಚಿಕೊಂಡ ಪಠ್ಯದ ಬದಲಿಗೆ ಮತ್ತೊಂದನ್ನು ಓದಬೇಕಾಗುತ್ತದೆ.

ಜೋಡಿಯ ಆಯ್ಕೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ತೀರಾ ಹತ್ತಿರದ ಶಾಖೆಗಳನ್ನು ಜೋಡಿಸಿದರೆ ಓದಿ ಮುಗಿಸುವುದು ಸುಲಭ, ಆದರೆ ಹೊಸದಾಗಿ ಕಲಿತದ್ದು ಕಡಿಮೆ. ಎಲೆಕ್ಟ್ರಿಕಲ್ ಓದಿದವರು ನಾಲ್ಕೈದು ಒಳ್ಳೆಯ ಐಚ್ಛಿಕಗಳನ್ನು ಆರಿಸಿಕೊಂಡರೆ ಎಲೆಕ್ಟ್ರಾನಿಕ್ಸಿನ ಬಹುಭಾಗ ಕೈಗೆ ಬರುತ್ತದೆ, ಎರಡನೆಯ ಮೇಜರಿನ ಶ್ರಮ ಬೇಕಿಲ್ಲ. ತೀರಾ ದೂರದ ಶಾಖೆಗಳಾದರೆ ಪ್ರತಿಫಲ ದೊಡ್ಡದು, ಆದರೆ ಎರಡರಲ್ಲೊಂದು ಅರೆಬರೆಯಾಗುವ ಅಪಾಯವೂ ದೊಡ್ಡದು. ನಡುವಿನ ಜೋಡಿಗಳಲ್ಲಿಯೇ ಡಬಲ್ ಮೇಜರಿಗೆ ನಿಜವಾದ ಅರ್ಥವಿದೆ: ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್, ಕೆಮಿಕಲ್ ಮತ್ತು ಮೆಟೀರಿಯಲ್ಸ್, ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಸೈನ್ಸ್. ಇವುಗಳಲ್ಲಿ ಒಂದು ಶಾಖೆ ಬಿಟ್ಟ ಪ್ರಶ್ನೆಯನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ಮೋಟಾರಿನ ಟಾರ್ಕ್ ಎಷ್ಟೆಂದು ಎಲೆಕ್ಟ್ರಿಕಲ್ ವಿಭಾಗದಲ್ಲಿ ಲೆಕ್ಕ ಹಾಕಿದ ವಿದ್ಯಾರ್ಥಿ, ಆ ಟಾರ್ಕಿನಿಂದ ಶಾಫ್ಟು ಎಷ್ಟು ತಿರುಚಿಕೊಳ್ಳುತ್ತದೆ ಎಂಬುದನ್ನು ಮೆಕ್ಯಾನಿಕಲ್ ವಿಭಾಗದಲ್ಲಿ ಕಲಿಯುತ್ತಾನೆ. ಹೀಗೆ ಎರಡರ ನಡುವೆ ಒಂದು ನಿರ್ದಿಷ್ಟ ಸಮಸ್ಯೆಯನ್ನು ವಿದ್ಯಾರ್ಥಿಯೇ ಹೆಸರಿಸಬಲ್ಲನಾದರೆ ಮುಂದುವರಿಯಬಹುದು. ‘ಎರಡು ಇದ್ದರೆ ಒಳ್ಳೆಯದಲ್ಲವೇ’ ಎಂಬುದು ಮಾತ್ರ ಕಾರಣವಾಗಿದ್ದರೆ ಮೈನರ್ ಸಾಕು.

ಕ್ರೆಡಿಟ್ ಲೆಕ್ಕ ಕೂಡಿಬಂದರೂ ವೇಳಾಪಟ್ಟಿ ಕೂಡಿಬರದೇ ಹೋಗಬಹುದು. ನಮ್ಮ ಕಾಲೇಜುಗಳಲ್ಲಿ ವೇಳಾಪಟ್ಟಿಯನ್ನು ಸಾಮಾನ್ಯವಾಗಿ ಆಯಾ ವಿಭಾಗವೇ ತನ್ನ ವಿದ್ಯಾರ್ಥಿಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಮಾಡುತ್ತದೆ. ಮೆಕ್ಯಾನಿಕಲ್ ಐದನೆಯ ಸೆಮಿಸ್ಟರಿನ ಲ್ಯಾಬು ಮಂಗಳವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಇದ್ದು, ಎಲೆಕ್ಟ್ರಿಕಲ್ ಮೆಷಿನ್ಸ್ ಲ್ಯಾಬು ಕೂಡ ಅದೇ ಹೊತ್ತಿಗೆ ಇದ್ದರೆ ಬ್ಯಾಚು ಬದಲಿಸಿಕೊಳ್ಳಬೇಕು. ಅದೂ ಆಗದಿದ್ದರೆ ಮುಂದಿನ ವರ್ಷಕ್ಕೆ ಕಾಯಬೇಕು, ಏಕೆಂದರೆ ಬೆಸ ಸೆಮಿಸ್ಟರಿನ ಪಠ್ಯ ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ. ಇದರ ಮೇಲೆ ಪೂರ್ವಪಠ್ಯಗಳ ಸರಪಣಿ ಬೇರೆ: ಗಣಿತ ಮುಗಿಯದೆ ಸಿಗ್ನಲ್ಸ್ ಇಲ್ಲ, ಸಿಗ್ನಲ್ಸ್ ಮುಗಿಯದೆ ಕಂಟ್ರೋಲ್ ಇಲ್ಲ, ಕಂಟ್ರೋಲ್ ಮುಗಿಯದೆ ಡ್ರೈವ್ಸ್ ಇಲ್ಲ. ಸರಪಣಿಯ ಆರಂಭದಲ್ಲಿಯೇ ಒಂದು ಪಠ್ಯ ಕೈತಪ್ಪಿದರೆ ಮುಂದಿನ ಮೂರೂ ಒಂದೊಂದು ವರ್ಷ ಹಿಂದಕ್ಕೆ ಸರಿಯುತ್ತವೆ. ಆದ್ದರಿಂದ ಡಬಲ್ ಮೇಜರ್ ಇದೆ ಎಂದು ಹೇಳುವ ಸಂಸ್ಥೆಯಲ್ಲಿ ಕೇಳಬೇಕಾದದ್ದು, ಕಳೆದ ವರ್ಷ ಈ ಜೋಡಿಯನ್ನು ಓದಿದವರ ಐದನೆಯ ಮತ್ತು ಆರನೆಯ ಸೆಮಿಸ್ಟರಿನ ವೇಳಾಪಟ್ಟಿಯ ಪ್ರತಿ. ಅಂಥ ಪ್ರತಿಯನ್ನು ತೋರಿಸಲಾಗದಿದ್ದರೆ ಆ ಜೋಡಿಯನ್ನು ಅಲ್ಲಿ ಯಾರೂ ಓದಿಲ್ಲವೆಂದೇ ತಿಳಿಯಬೇಕಾಗುತ್ತದೆ.

ಈಗ ನಮ್ಮ ಊರಿನ ಪರಿಸ್ಥಿತಿಯನ್ನು ನೋಡೋಣ. ಮೈಸೂರಿನಲ್ಲಿ 1946ರಲ್ಲಿ ಎನ್.ಐ.ಇ., 1963ರಲ್ಲಿ ಎಸ್.ಜೆ.ಸಿ.ಇ., ಮಂಡ್ಯದಲ್ಲಿ 1962ರಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಆರಂಭವಾದವು; ತಲೆಮಾರುಗಳ ಎಂಜಿನಿಯರುಗಳನ್ನು ಈ ಮೂರು ಸಂಸ್ಥೆಗಳು ಬೆಳೆಸಿವೆ. ಆದರೆ ಡಬಲ್ ಮೇಜರಿನ ದೃಷ್ಟಿಯಿಂದ ಮುಖ್ಯವಾಗುವುದು ಕಾಲೇಜಿನ ಹಿರಿತನವಲ್ಲ, ಪದವಿ ನೀಡುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜು ಪಠ್ಯ, ಪರೀಕ್ಷೆ, ಪದವಿ ಮೂರಕ್ಕೂ ವಿ.ಟಿ.ಯು.ವನ್ನೇ ಅವಲಂಬಿಸಿರುತ್ತದೆ. ಸ್ವಾಯತ್ತ ಕಾಲೇಜು ಪಠ್ಯವನ್ನೂ ಪರೀಕ್ಷೆಯನ್ನೂ ತಾನೇ ನಡೆಸುತ್ತದೆ, ಆದರೆ ಪದವಿ ಪ್ರಮಾಣಪತ್ರ ಬರುವುದು ವಿ.ಟಿ.ಯು.ನಿಂದ. ಆದ್ದರಿಂದ ಕಾಲೇಜಿನ ಪ್ರಾಂಶುಪಾಲರೇ ಒಪ್ಪಿದರೂ ವಿಶ್ವವಿದ್ಯಾಲಯದ ನಿಯಮದಲ್ಲಿ ಇಲ್ಲದ ಪದವಿಯನ್ನು ಅವರು ಕೊಡಿಸಲಾರರು. ಎಸ್.ಜೆ.ಸಿ.ಇ. 2016ರಿಂದ ಜೆ.ಎಸ್.ಎಸ್. ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಭಾಗವಾಗಿದೆ. ಇಂಥ ವಿಶ್ವವಿದ್ಯಾಲಯ ತನ್ನ ನಿಯಮಾವಳಿಯನ್ನು ತಾನೇ ರೂಪಿಸಿಕೊಳ್ಳಬಲ್ಲದು, ಹೀಗಾಗಿ ಅಲ್ಲಿ ನಿಯಮಾವಳಿಯನ್ನೇ ನೇರವಾಗಿ ಓದಬೇಕು.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿ.ಇ.ಟಿ. ಆಪ್ಷನ್ ಎಂಟ್ರಿಯಲ್ಲಿ ಕಾಲೇಜು ಮತ್ತು ಶಾಖೆ ಎಂಬ ಎರಡನ್ನು ಸೇರಿಸಿ ಒಂದು ಆಯ್ಕೆಯಾಗುತ್ತದೆ. ಒಂದು ಸೀಟಿಗೆ ಒಂದೇ ಶಾಖೆ. ಸೇರಿದ ಮೇಲೆ ಸಿಗಬಹುದಾದ ದಾರಿಗಳೆಂದರೆ ಮೈನರ್ ಮತ್ತು ಆನರ್ಸ್. ಎ.ಐ.ಸಿ.ಟಿ.ಇ. ಪ್ರಕಾರ ಇವಕ್ಕೆ ಮೂಲ ಪದವಿಯ ಮೇಲೆ 18ರಿಂದ 20 ಹೆಚ್ಚುವರಿ ಕ್ರೆಡಿಟ್ ಬೇಕು. ವಿ.ಟಿ.ಯು. ಆನರ್ಸ್‌ಗೆ ಬೇಕಾದ 18 ಕ್ರೆಡಿಟ್‌ಗಳನ್ನು ಎನ್.ಪಿ.ಟಿ.ಇ.ಎಲ್. ಮುಂತಾದ ಆನ್‌ಲೈನ್ ಪಠ್ಯಗಳ ಮೂಲಕ ಗಳಿಸುವ ವ್ಯವಸ್ಥೆಯಿದೆ. 66ರ ಎದುರಿಗೆ 18 ಎಂದರೆ ಎರಡನೆಯ ಶಾಖೆಯ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು. ಅದು ಡಬಲ್ ಮೇಜರ್ ಅಲ್ಲ, ಆದರೆ ಚೆನ್ನಾಗಿ ಆಯ್ದುಕೊಂಡ ಐದು ಪಠ್ಯಗಳು ಒಂದು ಉದ್ಯೋಗಕ್ಕೋ ಒಂದು ಎಂ.ಟೆಕ್. ಪ್ರವೇಶಕ್ಕೋ ಸಾಕಾಗುವ ಬುನಾದಿಯಾಗಬಲ್ಲವು.

ನಿಜವಾದ ಎರಡನೆಯ ಮೇಜರನ್ನು ಪದವಿ ಮಟ್ಟದಲ್ಲಿ ಕೊಡುವ ಸಂಸ್ಥೆಗಳು ದೇಶದಲ್ಲಿ ಕೆಲವೇ ಇವೆ. ಕಾನ್ಪುರದ ಐ.ಐ.ಟಿ.ಯಲ್ಲಿ ವಿದ್ಯಾರ್ಥಿ ತನ್ನ ಶಾಖೆಯ ಜೊತೆಗೆ ಮತ್ತೊಂದು ಮೇಜರನ್ನು ಸೇರಿಸಿಕೊಳ್ಳುವ ಅವಕಾಶವಿದೆ, ಹೈದರಾಬಾದಿನ ಐ.ಐ.ಟಿ.ಯಲ್ಲಿಯೂ ಡಬಲ್ ಮೇಜರ್ ಇದೆ. ಇಂಥ ಕಡೆ ಎರಡನೆಯ ಮೇಜರ್ ಪ್ರವೇಶದ ದಿನ ಸಿಗುವುದಿಲ್ಲ. ಕೆಲವು ಸೆಮಿಸ್ಟರುಗಳ ಅಂಕ ನೋಡಿ, ಖಾಲಿ ಇರುವ ಸ್ಥಾನ ನೋಡಿ ಕೊಡುತ್ತಾರೆ. ಬಿಟ್ಸ್ ಪಿಲಾನಿಯ ದಾರಿ ಬೇರೆ. ಅಲ್ಲಿ ಭೌತಶಾಸ್ತ್ರ, ಗಣಿತ, ಅರ್ಥಶಾಸ್ತ್ರ ಮುಂತಾದವುಗಳಲ್ಲಿ ಪಿ.ಯು.ಸಿ. ಮುಗಿಸಿ ನೇರವಾಗಿ ಎಂ.ಎಸ್ಸಿ.ಗೆ ಸೇರಿದವರು ಮೊದಲ ವರ್ಷದ ಸಾಧನೆಯ ಆಧಾರದ ಮೇಲೆ ಒಂದು ಬಿ.ಇ. ಶಾಖೆಯನ್ನೂ ಪಡೆದು ಐದು ವರ್ಷಗಳಲ್ಲಿ ಎರಡು ಪದವಿ ಗಳಿಸುತ್ತಾರೆ. ಇದು ಎರಡು ಎಂಜಿನಿಯರಿಂಗ್ ಶಾಖೆಗಳ ಜೋಡಿಯಲ್ಲ, ವಿಜ್ಞಾನ ಮತ್ತು ಎಂಜಿನಿಯರಿಂಗಿನ ಜೋಡಿ. ಆದರೂ ಭೌತಶಾಸ್ತ್ರದ ಜೊತೆ ಎಲೆಕ್ಟ್ರಾನಿಕ್ಸ್ ಓದಬಯಸುವವರಿಗೆ ಉತ್ತಮ ದಾರಿ. ಮದ್ರಾಸಿನ ಐ.ಐ.ಟಿ.ಯಲ್ಲಿ ಒಂದು ಶಾಖೆಯ ಬಿ.ಟೆಕ್. ಜೊತೆಗೆ ಡೇಟಾ ಸೈನ್ಸ್, ರೋಬೋಟಿಕ್ಸ್ ಮುಂತಾದ ಅಂತರಶಾಖೀಯ ವಿಷಯದಲ್ಲಿ ಎಂ.ಟೆಕ್. ಮುಗಿಸುವ ಐದು ವರ್ಷದ ವ್ಯವಸ್ಥೆಯಿದೆ. ಡ್ಯುಯಲ್ ಡಿಗ್ರಿಗಳ ಪೈಕಿ ಪಕ್ಕದ ಕ್ಷೇತ್ರಕ್ಕೂ ಕರೆದೊಯ್ಯುವಂಥದ್ದು ಇದು.

2022ರಲ್ಲಿ ಯು.ಜಿ.ಸಿ. ಎರಡು ಪೂರ್ಣ ಪ್ರಮಾಣದ ಪದವಿಗಳನ್ನು ಏಕಕಾಲದಲ್ಲಿ ಓದಲು ಅನುಮತಿ ನೀಡಿದ ಮೇಲೆ ಎರಡು ಬಿ.ಇ.ಗಳನ್ನೇ ಒಟ್ಟಿಗೆ ಓದಿಬಿಡಬಹುದು ಎಂಬ ತಪ್ಪು ಕಲ್ಪನೆ ಹಲವರಲ್ಲಿ ಬೆಳೆದಿದೆ. ತರಗತಿಗಳ ವೇಳೆ ಒಂದರ ಮೇಲೊಂದು ಬೀಳದಿದ್ದರೆ ಎರಡನ್ನೂ ಕಾಲೇಜಿಗೆ ಹೋಗಿಯೇ ಓದಬಹುದು, ಇಲ್ಲವೇ ಒಂದನ್ನು ಕಾಲೇಜಿನಲ್ಲಿಯೂ ಮತ್ತೊಂದನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕವೂ ಓದಬಹುದು ಎಂಬುದು ಆ ಮಾರ್ಗಸೂಚಿಯ ಸಾರ. ಹಗಲೆಲ್ಲ ತರಗತಿ ಮತ್ತು ಲ್ಯಾಬು ಇರುವ ಎರಡು ಬಿ.ಇ.ಗಳನ್ನು ಹೀಗೆ ಓದಲು ಸಾಧ್ಯವೇ ಇಲ್ಲ. ಎಂಜಿನಿಯರಿಂಗ್ ಪದವಿಯನ್ನು ದೂರಶಿಕ್ಷಣದಲ್ಲಿ ಕೊಡುವುದಕ್ಕೂ ನಿಯಮದ ಒಪ್ಪಿಗೆಯಿಲ್ಲ. ಅಂಚೆಯ ಮೂಲಕ ಬಿ.ಟೆಕ್. ಕೊಡಿಸುತ್ತೇವೆ ಎನ್ನುವವರಿಗೆ ದಯವಿಟ್ಟು ಹಣ ಕಟ್ಟಬೇಡಿ. ಈ ಮಾರ್ಗಸೂಚಿಯ ನಿಜವಾದ ಉಪಯೋಗವಿರುವುದು ಬೇರೆ ಕಡೆ: ಮೈಸೂರಿನಲ್ಲಿ ಮೆಕ್ಯಾನಿಕಲ್ ಓದುತ್ತಲೇ ಮದ್ರಾಸಿನ ಐ.ಐ.ಟಿ. ಆನ್‌ಲೈನಿನಲ್ಲಿ ನಡೆಸುವ ಡೇಟಾ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ ಸಿಸ್ಟಮ್ಸ್ ಬಿ.ಎಸ್. ಪದವಿಗೆ ಸೇರಿಕೊಳ್ಳಬಹುದು. ಅದು ಬಿ.ಟೆಕ್. ಅಲ್ಲ, ಬಿ.ಎಸ್.; ಆದರೆ ಡೇಟಾ ಸೈನ್ಸ್ ಪದವಿಯನ್ನು ನಡುವೆ ನಿಲ್ಲಿಸಬೇಕಾಗಿ ಬಂದರೂ ಡಿಪ್ಲೊಮಾ ಹಂತದಲ್ಲಿ ಹೊರಬರುವ ಅವಕಾಶವಿರುವುದು ಹಳ್ಳಿಯಿಂದ ಬಂದು, ಹಾಸ್ಟೆಲಿನಲ್ಲಿದ್ದು ಓದುವ ವಿದ್ಯಾರ್ಥಿಗೆ ದೊಡ್ಡ ಅನುಕೂಲ.

ವಿದೇಶದ ವಿಷಯಕ್ಕೆ ಬಂದರೆ ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಡಬಲ್ ಮೇಜರ್ ಸಾಮಾನ್ಯ. ಆದರೆ ಅಲ್ಲಿಯೂ ಎಂಜಿನಿಯರಿಂಗಿನ ಒಳಗೆ ಎರಡು ಶಾಖೆಗಳು ಸುಲಭವಲ್ಲ. ಈ ಕಷ್ಟವನ್ನು ವಿಶ್ವವಿದ್ಯಾಲಯವೇ ಮೊದಲೇ ಬಗೆಹರಿಸಿಟ್ಟಿರುವ ಕಡೆಗಳನ್ನು ಹುಡುಕುವುದು ಜಾಣತನ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಮೆಟೀರಿಯಲ್ಸ್ ಮತ್ತು ಮೆಕ್ಯಾನಿಕಲ್, ಎಲೆಕ್ಟ್ರಿಕಲ್-ಕಂಪ್ಯೂಟರ್ ಮತ್ತು ಮೆಟೀರಿಯಲ್ಸ್ ಇಂಥ ಜಂಟಿ ಮೇಜರುಗಳಿವೆ. ಯಾವ ಪಠ್ಯ ಯಾವ ಸೆಮಿಸ್ಟರಿನಲ್ಲಿ ಎಂಬುದನ್ನು ನಾಲ್ಕು ವರ್ಷಕ್ಕೆ ಹೊಂದುವಂತೆ ವಿಭಾಗಗಳೇ ಹೆಣೆದಿವೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಬಯೊಮೆಡಿಕಲ್ ಎಂಜಿನಿಯರಿಂಗನ್ನು ಪದವಿ ಮಟ್ಟದಲ್ಲಿ ಒಂಟಿಯಾಗಿ ಓದಲು ಬರುವುದಿಲ್ಲ, ಮೆಕ್ಯಾನಿಕಲ್, ಕೆಮಿಕಲ್ ಮುಂತಾದ ಒಂದು ಸಾಂಪ್ರದಾಯಿಕ ಶಾಖೆಯ ಜೊತೆಗೇ ಓದಬೇಕು. ಡಬಲ್ ಮೇಜರನ್ನು ವಿದ್ಯಾರ್ಥಿಯ ಹೆಚ್ಚುವರಿ ಸಾಹಸವೆಂದು ನೋಡದೆ ಪದವಿಯ ಸಹಜ ರೂಪವೆಂದು ಮಾಡಿಟ್ಟ ಇಂಥ ವ್ಯವಸ್ಥೆಯೇ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. ಇಂಗ್ಲೆಂಡಿನ ಕೇಂಬ್ರಿಜ್ ಮತ್ತೊಂದು ಬಗೆಯ ಉತ್ತರ ಕೊಡುತ್ತದೆ: ಮೊದಲ ಎರಡು ವರ್ಷ ಎಲ್ಲರಿಗೂ ಎಲ್ಲ ಶಾಖೆಗಳ ಸಾಮಾನ್ಯ ಎಂಜಿನಿಯರಿಂಗ್, ನಂತರ ವಿಶೇಷ ಅಧ್ಯಯನ. ಹದಿನೆಂಟನೆಯ ವಯಸ್ಸಿಗೆ ಜೋಡಿಯನ್ನು ಖಚಿತವಾಗಿ ಹೇಳಲಾರದವರಿಗೆ ಡಬಲ್ ಮೇಜರಿಗಿಂತ ಇದೇ ಹಿತವಾದೀತು.

ಹೊರದೇಶದಲ್ಲಿ ಒಂದು ಹೆಚ್ಚುವರಿ ಸೆಮಿಸ್ಟರ್ ಎಂದರೆ ಶುಲ್ಕ, ವಸತಿ, ವಿಮೆ ಎಲ್ಲವೂ ಸೇರುತ್ತವೆ. ಕೆಲವು ಕಡೆ ಸೆಮಿಸ್ಟರಿಗೆ ನಿಗದಿತ ಶುಲ್ಕವಿದ್ದರೆ ಕೆಲವು ಕಡೆ ಮಿತಿ ಮೀರಿದ ಪ್ರತಿ ಕ್ರೆಡಿಟ್‌ಗೂ ಹಣ ಕೊಡಬೇಕು. ಅಮೆರಿಕದಲ್ಲಿ ಓದಿದ ಮೇಲೆ ಕೆಲಸದ ಅನುಭವಕ್ಕಾಗಿ ಸಿಗುವ ಅವಧಿ ಪದವಿಯ ಮಟ್ಟಕ್ಕೆ ಅನುಸಾರವಾಗಿರುತ್ತದೆ, ಮೇಜರುಗಳ ಸಂಖ್ಯೆಗಲ್ಲ; ಎರಡು ಮೇಜರ್ ಓದಿದರೆ ಅದು ದುಪ್ಪಟ್ಟಾಗುವುದಿಲ್ಲ. ಗದ್ದೆಯನ್ನೋ ಸೈಟನ್ನೋ ಅಡವಿಟ್ಟು ಶಿಕ್ಷಣ ಸಾಲ ಪಡೆಯುವ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಇವೆ. ಅವರು ಈ ಎರಡು ಸಂಗತಿಗಳನ್ನು ಬ್ಯಾಂಕಿಗೆ ಹೋಗುವ ಮೊದಲೇ ತಿಳಿದಿರಬೇಕು.

ಮಾನ್ಯತೆಯ ಪ್ರಶ್ನೆ ಇನ್ನೂ ಉಳಿದಿದೆ. ನ್ಯಾಕ್ ಶ್ರೇಣಿ ಇಡೀ ಸಂಸ್ಥೆಗೆ ಸಿಗುವಂಥದ್ದು, ರಾಷ್ಟ್ರೀಯ ಮಾನ್ಯತಾ ಮಂಡಳಿಯ, ಅಂದರೆ ಎನ್.ಬಿ.ಎ.ಯ, ಮಾನ್ಯತೆ ಒಂದೊಂದು ಶಾಖೆಗೆ ಪ್ರತ್ಯೇಕವಾಗಿ, ನಿರ್ದಿಷ್ಟ ಅವಧಿಗೆ ಸಿಗುವಂಥದ್ದು. ಒಂದೇ ಕಾಲೇಜಿನಲ್ಲಿ ಮೆಕ್ಯಾನಿಕಲ್‌ಗೆ ಎನ್.ಬಿ.ಎ. ಇದ್ದು ಎಲೆಕ್ಟ್ರಿಕಲ್‌ಗೆ ಇಲ್ಲದಿರಬಹುದು. ಆದ್ದರಿಂದ ಜೋಡಿಯ ಎರಡೂ ಶಾಖೆಗಳ ಮಾನ್ಯತೆಯನ್ನು ಬೇರೆಬೇರೆಯಾಗಿ ನೋಡಬೇಕು. ಎಂಜಿನಿಯರಿಂಗ್ ಪದವಿಗಳಿಗೆ ದೇಶಗಳು ಪರಸ್ಪರ ಮನ್ನಣೆ ನೀಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯನಾದ ಮೇಲೆ ಎನ್.ಬಿ.ಎ.ಯ ಟಿಯರ್-1 ಮಾನ್ಯತೆ ಪಡೆದ ಶಾಖೆಯ ಪದವಿಗೆ ಇತರ ಸದಸ್ಯ ದೇಶಗಳಲ್ಲಿಯೂ ಮನ್ನಣೆ ಇದೆ. ಟಿಯರ್-2ಕ್ಕೆ ಆ ಮನ್ನಣೆ ಇಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾಗಳಲ್ಲಿ ಎಂಜಿನಿಯರಾಗಿ ನೋಂದಾಯಿಸಿಕೊಳ್ಳಬಯಸುವವರಿಗೆ ಇದು ಮುಖ್ಯ.

ಸರ್ಕಾರಿ ಉದ್ಯೋಗವನ್ನು ಬಯಸುವವರು ಪದವಿಯ ಹೆಸರಿನ ಬಗ್ಗೆ ಇನ್ನಷ್ಟು ಎಚ್ಚರ ವಹಿಸಬೇಕಾಗಿದೆ. ಕೆ.ಪಿ.ಟಿ.ಸಿ.ಎಲ್. ಸಹಾಯಕ ಎಂಜಿನಿಯರ್ ವಿದ್ಯುತ್ ಹುದ್ದೆಗೆ ಎಲೆಕ್ಟ್ರಿಕಲ್ ಅಥವಾ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಪದವಿಯನ್ನು ಕೇಳುತ್ತದೆ. ಮೆಕ್ಯಾನಿಕಲ್ ಓದಿ ಎಲೆಕ್ಟ್ರಿಕಲ್ ಮೈನರ್ ಮಾಡಿದವರು ಎಷ್ಟೇ ಬಲ್ಲವರಾದರೂ ಅರ್ಜಿಯ ಪರಿಶೀಲನೆಯಲ್ಲಿಯೇ ಹೊರಗುಳಿಯುವ ಸಾಧ್ಯತೆ ಹೆಚ್ಚು. ಹೀಗಾಗಿ ಒಂದು ಶಾಖೆ ಸರ್ಕಾರಿ ಹುದ್ದೆಗೆ ಬೇಕಾದದ್ದಾಗಿದ್ದರೆ ಅದನ್ನೇ ಮೊದಲ ಮೇಜರ್ ಮಾಡಿಕೊಂಡು, ಮತ್ತೊಂದನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದು ಸುರಕ್ಷಿತ. ಖಾಸಗಿ ಕಂಪನಿಗಳಲ್ಲಿ ಹೆಸರಿನ ಬಿಗಿ ಕಡಿಮೆ. ಅಲ್ಲಿ ಪ್ರಾಜೆಕ್ಟಿನಲ್ಲಿ ಎರಡೂ ಶಾಖೆಗಳನ್ನು ಬಳಸಿದ್ದೀರಾ ಎಂಬುದೇ ಸಂದರ್ಶನದ ಮಾತಾಗುತ್ತದೆ. ಆದರೆ ಕ್ಯಾಂಪಸ್ ಆಯ್ಕೆಗೆ ಬ್ಯಾಕ್‌ಲಾಗ್ ಇರಬಾರದು ಎಂಬ ಷರತ್ತು ಹಾಕುವ ಕಂಪನಿಗಳು ಬಹಳ. ಹೆಚ್ಚುವರಿ ಪಠ್ಯವೊಂದರಲ್ಲಿ ಅನುತ್ತೀರ್ಣವಾದರೆ ಅದನ್ನೂ ಬ್ಯಾಕ್‌ಲಾಗ್ ಎಂದು ಲೆಕ್ಕ ಹಿಡಿಯುತ್ತಾರೆಯೇ ಎಂಬುದನ್ನು ಪ್ಲೇಸ್‌ಮೆಂಟ್ ಅಧಿಕಾರಿಯಿಂದ ತಿಳಿದುಕೊಳ್ಳಬೇಕು. ಉನ್ನತ ವ್ಯಾಸಂಗಕ್ಕೆ ಹೋಗುವವರಿಗೆ ಮತ್ತೊಂದು ಬಾಗಿಲೂ ಇದೆ: 2021ರಿಂದ ಎಂ.ಟೆಕ್. ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ ನಿಗದಿತ ಜೋಡಿಗಳ ಪೈಕಿ ಎರಡು ಪತ್ರಿಕೆಗಳನ್ನು ಬರೆಯಬಹುದು. ಬಿ.ಇ.ಯನ್ನು ಒಂದು ಶಾಖೆಯಲ್ಲಿ ಚೆನ್ನಾಗಿ ಓದಿ, ಎರಡನೆಯ ಪತ್ರಿಕೆಯ ಬಲದಿಂದ ಸಮೀಪದ ಶಾಖೆಯಲ್ಲಿ ಎಂ.ಟೆಕ್. ಮಾಡುವ ದಾರಿ ನಮ್ಮ ಸೀಮೆಯ ಬಹುಪಾಲು ವಿದ್ಯಾರ್ಥಿಗಳಿಗೆ ಡಬಲ್ ಮೇಜರಿಗಿಂತ ಕಡಿಮೆ ಖರ್ಚಿನದು, ಹೆಚ್ಚು ಆಳವಾದದ್ದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಹಾಗಿದ್ದೂ ಡಬಲ್ ಮೇಜರನ್ನೇ ಆರಿಸುವವರು ವಿಶ್ವವಿದ್ಯಾಲಯದಿಂದ ಲಿಖಿತವಾಗಿ ಪಡೆಯಬೇಕಾದ ಮಾಹಿತಿ ಕೆಲವಿದೆ. ಎರಡನೆಯ ಮೇಜರಿಗೆ ಅರ್ಜಿ ಹಾಕುವುದು ಯಾವ ಸೆಮಿಸ್ಟರಿನಲ್ಲಿ, ಅದಕ್ಕೆ ಬೇಕಾದ ಕನಿಷ್ಠ ಸಿ.ಜಿ.ಪಿ.ಎ. ಎಷ್ಟು, ಕಂಪ್ಯೂಟರ್ ಸೈನ್ಸಿನಂಥ ಬೇಡಿಕೆಯ ಶಾಖೆಗೆ ಬೇರೆ ಮಿತಿಯಿದೆಯೇ, ಓದು ಮುಗಿಸಲು ಗರಿಷ್ಠ ಎಷ್ಟು ವರ್ಷ ಕೊಡುತ್ತಾರೆ, ಹೆಚ್ಚುವರಿ ವರ್ಷದಲ್ಲಿ ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನ ಮುಂದುವರಿಯುತ್ತವೆಯೇ ಎಂಬುವು ಅವುಗಳಲ್ಲಿ ಮೊದಲಿನವು. ಎಲ್ಲಕ್ಕಿಂತ ಮುಖ್ಯವಾದದ್ದು, ನಡುವೆ ಕೈಬಿಡಬೇಕಾಗಿ ಬಂದರೆ ಏನಾಗುತ್ತದೆ ಎಂಬ ಪ್ರಶ್ನೆ. ಅಲ್ಲಿಯವರೆಗೆ ಓದಿದ ಪಠ್ಯಗಳು ಮೈನರ್ ಆಗಿ ಪರಿವರ್ತನೆಯಾಗುವ ನಿಯಮವಿದ್ದರೆ ವಿದ್ಯಾರ್ಥಿಯ ಶ್ರಮ ವ್ಯರ್ಥವಾಗುವುದಿಲ್ಲ. ಅಂಥ ನಿಯಮವಿಲ್ಲದಿದ್ದರೆ ಎರಡು ವರ್ಷದ ಹೆಚ್ಚುವರಿ ಓದಿಗೆ ದಾಖಲೆಯಲ್ಲಿ ಒಂದು ಸಾಲೂ ಸಿಗದೇ ಹೋಗಬಹುದು. ಎರಡನೆಯ ಮೇಜರ್ ಸಿಗುವುದು ಖಚಿತವಿಲ್ಲವಾದ್ದರಿಂದ, ಅದು ಸಿಗದಿದ್ದರೂ ನಾಲ್ಕು ವರ್ಷ ಮನಸ್ಸಿಟ್ಟು ಓದಬಲ್ಲ ಶಾಖೆಯನ್ನೇ ಆಪ್ಷನ್ ಎಂಟ್ರಿಯಲ್ಲಿ ಮೊದಲು ಇಡಬೇಕು. ನಿಯಮಾವಳಿಗಳು ಪರಿಷ್ಕರಣೆಯಾಗುತ್ತಲೇ ಇರುತ್ತವೆ, ಮತ್ತು ಸಾಮಾನ್ಯವಾಗಿ ವಿದ್ಯಾರ್ಥಿಗೆ ಅನ್ವಯವಾಗುವುದು ಅವನು ಸೇರಿದ ವರ್ಷದ ನಿಯಮ. ಹಿಂದಿನ ಬ್ಯಾಚಿನ ಸೀನಿಯರುಗಳ ಅನುಭವವನ್ನು ಕೇಳಿದ ಮೇಲೆಯೂ ತಾನು ಸೇರುವ ವರ್ಷದ ನಿಯಮಾವಳಿಯ ಪ್ರತಿಯನ್ನು ಪ್ರವೇಶದ ವಾರದಲ್ಲಿಯೇ ಕುಲಸಚಿವರ ಕಚೇರಿಯಿಂದಲೋ ಕಾಲೇಜಿನ ಶೈಕ್ಷಣಿಕ ವಿಭಾಗದಿಂದಲೋ ತೆಗೆದಿಟ್ಟುಕೊಂಡು, ಮೂರನೆಯ ಸೆಮಿಸ್ಟರಿನ ನೋಂದಣಿಗೆ ಮೊದಲು ಎರಡೂ ವಿಭಾಗಗಳ ಮುಖ್ಯಸ್ಥರ ಮುಂದೆ ಇಟ್ಟು ಪಠ್ಯಗಳ ಪಟ್ಟಿಗೆ ಅವರ ಸಹಿ ಪಡೆದುಕೊಳ್ಳಬೇಕು.